ಬಿದನೂರು ಬಿದ್ದ ವರ್ಷ ಮತ್ತು ನೆವಾರ್ಕಿನ ಒಂದು ಶುಕ್ರವಾರ

೧೯೬೭ರಲ್ಲಿ ನಾನು ನ್ಯೂಜೆರ್ಸಿಯ ನೆವಾರ್ಕ್ ನಗರದ ಒಂದು ಕಾಲೇಜಿನಲ್ಲಿ ಇತಿಹಾಸದ ಅಧ್ಯಾಪಕಿಯಾಗಿದ್ದೆ. ಆ ಬೇಸಿಗೆಯ ಕೋರ್ಸಿನಲ್ಲಿ ಒಂದು ರಾಜ್ಯದ ಒಂದೇ ವರ್ಷವನ್ನು ಪಾಠಕ್ಕೆ ತೆಗೆದುಕೊಂಡಿದ್ದೆ. ಅದು ೧೭೬೩, ಕೆಳದಿ ಅರಸರ ರಾಜಧಾನಿ ಬಿದನೂರು ಮೈಸೂರಿನ ಸೈನ್ಯದ ವಶವಾದ ವರ್ಷ. ರಾಣಿ ಸಂಧಾನಕ್ಕೆ ಹೇಳಿಕಳಿಸಿದ್ದು, ಸೈನ್ಯ ಕಿವಿಗೊಡದೆ ಮುಂದೆ ಬಂದದ್ದು, ಕಾಡಿನ ಗುಟ್ಟುದಾರಿ ಹಿಡಿದು ಒಳನುಗ್ಗಿದ್ದು, ಎಲ್ಲವನ್ನೂ ನಿಧಾನವಾಗಿ ಓದಿಸುತ್ತಿದ್ದೆ.

ಜುಲೈ ತಿಂಗಳ ಆ ವಾರ ಊರಿನಲ್ಲಿ ಗಲಭೆ ಎದ್ದಿತು. ಪೊಲೀಸರು ಕಪ್ಪು ಜನಾಂಗದ ಒಬ್ಬ ಟ್ಯಾಕ್ಸಿ ಡ್ರೈವರನನ್ನು ಹೊಡೆದರೆಂಬ ಸುದ್ದಿಯೇ ಕಿಡಿಯಾಗಿತ್ತು. ಶುಕ್ರವಾರ ಬೆಳಿಗ್ಗೆ ನಾನು ಕಾಲೇಜು ತಲುಪುವಷ್ಟರಲ್ಲಿ ಬೀದಿಗೆ ಸೈನಿಕರು ಬಂದಿದ್ದರು. ತರಗತಿ ರದ್ದಾಗಿತ್ತು. ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಲೇ ಓದುತ್ತಿದ್ದ ನನ್ನ ವಿದ್ಯಾರ್ಥಿನಿ ಡೊಲೋರೆಸ್ ಒಬ್ಬಳೇ ಬಾಗಿಲ ಬಳಿ ನಿಂತಿದ್ದಳು. ಮೂವತ್ತು ದಾಟಿದ ಕಪ್ಪು ಹೆಂಗಸು. ಬಸ್ಸುಗಳ ಓಡಾಟ ನಿಂತುಹೋಗಿತ್ತು. ಪಾರ್ಶ್ವವಾಯು ಬಡಿದ ಅವಳ ತಾಯಿ ಮನೆಯಲ್ಲಿ ಒಂಟಿಯಾಗಿದ್ದಳು. "ನಾನು ನಡೆದೇ ಹೋಗುತ್ತೇನೆ" ಎಂದಳು. ಆ ಮಾತು ಮುಗಿಯುವ ಮೊದಲೇ ಹತ್ತಿರದಲ್ಲೆಲ್ಲೋ ಗುಂಡಿನ ಸದ್ದಾಯಿತು.

ನನ್ನ ಗಂಡ ಅದೇ ಊರಿನ ಆಸ್ಪತ್ರೆಯಲ್ಲಿ ಡಾಕ್ಟರು, ಧಾರವಾಡದವರು. ಆಫೀಸಿನಿಂದ ಫೋನ್ ಮಾಡಿದೆ.

"ಹೊರಗ ಕಾಲಿಡಬ್ಯಾಡ" ಎಂದರು. "ಇಲ್ಲಿ ಗುಂಡು ಬಿದ್ದವರನ್ನ ತರಾಕತ್ತಾರ."

"ಇವಳ ತಾಯಿ ಹಾಸಿಗೆ ಹಿಡಿದಿದಾರೆ ರೀ. ನಾನು ಡ್ರೈವ್ ಮಾಡದಿದ್ರೆ ಇವಳು ನಡ್ಕೊಂಡೇ ಹೋಗ್ತಾಳೆ."

"ಹಂಗಾದ್ರ ಕಾರಿನ ಗ್ಲಾಸ್ ಪೂರ್ತಿ ಇಳಿಸು. ಎರಡೂ ಕೈ ಸ್ಟಿಯರಿಂಗ್ ಮ್ಯಾಲ ಕಾಣೂ ಹಂಗ ಇಟ್ಕೋ" ಎಂದರು.

ಹಾಗೆಯೇ ಹೊರಟೆವು. ರಸ್ತೆಯ ತುಂಬ ಗಾಜಿನ ಚೂರು, ಮೂಗಿಗೆ ಸುಟ್ಟ ರಬ್ಬರಿನ ವಾಸನೆ. ಒಂದು ತಿರುವಿನಲ್ಲಿ ಸೈನಿಕನೊಬ್ಬ ಕಾರು ತಡೆದು ಡೊಲೋರೆಸಳ ಮುಖಕ್ಕೆ ಬಂದೂಕು ಹಿಡಿದ. ಅವನ ಬೆರಳು ಟ್ರಿಗರ್ ಮೇಲೆಯೇ ಇತ್ತು. ನನ್ನನ್ನು ಹೆಚ್ಚು ಹೆದರಿಸಿದ್ದು ಅದೇ. ನನಗೆ ಇಂಗ್ಲಿಷೇ ಮರೆತುಹೋಯಿತು. "ಇವಳು ನನ್ನ ಸ್ಟೂಡೆಂಟ್ ಕಣಪ್ಪ, ಬಿಡಪ್ಪ" ಎಂದು ಕನ್ನಡದಲ್ಲೇ ಅಂದುಬಿಟ್ಟೆ. ಅವನು ನನ್ನ ಸೀರೆಯನ್ನೂ ಮುಖವನ್ನೂ ನೋಡಿದ. ಏನೂ ತೋಚದವನಂತೆ ಬಂದೂಕು ತಗ್ಗಿಸಿ ಕೈ ಬೀಸಿದ.

ಅವರ ಮನೆ ಇದ್ದದ್ದು ಮೂರನೆಯ ಮಹಡಿಯಲ್ಲಿ. ಮುದುಕಿ ಕಿಟಕಿಯಿಂದ ದೂರ, ನೆಲದ ಮೇಲೆ ತೆವಳಿ ಬಂದು ಮಲಗಿದ್ದಳು. ಅವಳನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರೂ ಮೆಟ್ಟಿಲಿಳಿಸತೊಡಗಿದೆವು. ನಡುವೆ ಮತ್ತೆ ಗುಂಡು ಹಾರಿತು. ಕುರ್ಚಿ ಇಳಿಸಲೂ ಆಗದೆ, ಎತ್ತಲೂ ಆಗದೆ ಗೋಡೆಗೆ ಒರಗಿ ನಿಂತೆವು. ಮುದುಕಿ ನನ್ನ ಸೆರಗನ್ನು ಬಿಗಿಯಾಗಿ ಹಿಡಿದಿದ್ದಳು. ಸದ್ದಡಗಿದ ಮೇಲೆ ಕೆಳಗಿಳಿದು, ಪಕ್ಕದ ಊರಿನಲ್ಲಿದ್ದ ಡೊಲೋರೆಸಳ ತಂಗಿಯ ಮನೆಗೆ ಇಬ್ಬರನ್ನೂ ಮುಟ್ಟಿಸಿದೆ. ಆಮೇಲೆ ಕಾರಿನಲ್ಲಿ ಕುಳಿತು ಅತ್ತೆ. ಕೈಗಳನ್ನು ಸ್ಟಿಯರಿಂಗಿನಿಂದ ಬಿಡಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

ಕಾಲೇಜು ಮತ್ತೆ ತೆರೆದಾಗ ಪಾಠ ಬಿದನೂರಿನ ಪತನಕ್ಕೆ ಬಂದಿತ್ತು. "ರಾಣಿ ತಪ್ಪಿಸಿಕೊಂಡಳು, ಅರಮನೆ ಉರಿಯಿತು, ಜನ ಕಾಡಿಗೆ ಓಡಿದರು" ಎಂದು ಓದಿದೆ.

ಡೊಲೋರೆಸ್ ಕೈಯೆತ್ತಿದಳು. "ನಡೆಯಲಾಗದವರನ್ನು ಯಾರು ಹೊತ್ತೊಯ್ದರು?"

ನಾನು ಓದಿದ ಯಾವ ಪುಸ್ತಕದಲ್ಲೂ ಅದು ಇರಲಿಲ್ಲ. "ಗೊತ್ತಿಲ್ಲ" ಎಂದೆ. ತರಗತಿಯಲ್ಲಿದ್ದ ಪ್ರತಿಯೊಬ್ಬರೂ ಆ ವಾರ ಯಾರನ್ನೋ ಹುಡುಕಿಕೊಂಡು ಹೋಗಿದ್ದವರೇ.

ಆಮೇಲೆ ಎಷ್ಟೋ ವರ್ಷ ಪಾಠ ಹೇಳಿದೆ. ಒಂದು ಊರು ಬಿದ್ದ ಕಥೆ ಬಂದಾಗಲೆಲ್ಲ ಗೆದ್ದವರ ಹೆಸರಿಗಿಂತ ಮೊದಲು ಊರಿನ ಮನೆಗಳೊಳಗೆ ಯಾರು ಯಾರು ಇದ್ದಿರಬಹುದೆಂದು ವಿದ್ಯಾರ್ಥಿಗಳನ್ನು ಕೇಳುತ್ತಿದ್ದೆ. ಉತ್ತರ ದಾಖಲೆಗಳಲ್ಲಿ ಸಿಗುವುದು ಅಪರೂಪ. ಆದರೆ ಆ ಪ್ರಶ್ನೆ ಕೇಳದೆ ಮುಂದಿನ ಪುಟಕ್ಕೆ ಹೋಗಬಾರದೆಂಬುದನ್ನು ನನ್ನ ವೃತ್ತಿ ನನಗೆ ಕಲಿಸಿತು.