ಹಿಂದಿನಿಂದ ಓದುವ ಪುಸ್ತಕ

ಚಂದ್ರಮ್ಮ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡದ್ದು ನನ್ನಿಂದ. ಮೇಸ್ತ್ರಿ ರಂಗಪ್ಪನ ಮಗಳು ಶ್ವೇತಾಳ ಪುಸ್ತಕದಿಂದ ಅಲ್ಲ. ಇದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಆರು ವರ್ಷ ಉಂಡಿದ್ದೇನೆ, ಮಲಗಿದ್ದೇನೆ.

ಮೂಡಿಗೆರೆ ಕಡೆಯ ಒಂದು ಎಸ್ಟೇಟಿನಲ್ಲಿ ನಾನು ರೈಟರ್. ಆಳುಗಳ ಹಾಜರಿ, ಸಾಮಾನು ಸರಂಜಾಮು ನನ್ನ ಸುಪರ್ದಿ. ಮೆಣಸು ಕೊಯ್ಯುವ ಬಿದಿರೇಣಿಯ ಮೇಲಿನ ಮೆಟ್ಟಿಲೊಂದು ಸೀಳಿದ್ದನ್ನು ಹಿಂದಿನ ಸಂಜೆ ಒಳಗಿಡುವಾಗ ನಾನೊಬ್ಬನೇ ಕಂಡಿದ್ದೆ. ಹಗ್ಗ ಸುತ್ತಬೇಕಿತ್ತು — ಬೇಸರವಾಯಿತು. ಬೆಳಿಗ್ಗೆ ಅದನ್ನೇ ಎತ್ತಿ ಚಂದ್ರಮ್ಮನ ಕೈಗೆ ಕೊಟ್ಟೆ. ಅವಳು ಬಿದ್ದ ಮೇಲೆ, ಅಪಶಕುನದ ಏಣಿ ಇಟ್ಟುಕೊಳ್ಳಬಾರದು ಎಂದು ಕಡಿಸಿ ಒಲೆಗೆ ಹಾಕಿಸಿದೆ. ಎಲ್ಲರೂ ತಲೆಯಾಡಿಸಿದರು. ನನಗೆ ಒಳಗೊಳಗೇ ನಗು ಬಂದದ್ದು ನೆನಪಿದೆ.

ಶ್ವೇತಾ ಆಗ ಪಿಯುಸಿ ಓದುತ್ತಿದ್ದಳು. ಅವಳ ತಾಯಿ ಕಸ ಗುಡಿಸುತ್ತಿದ್ದ ಹೋಂಸ್ಟೇಯಲ್ಲಿ ಯಾರೋ ಬಿಟ್ಟುಹೋದ ಐದು ಜಪಾನಿ ಚಿತ್ರಪುಸ್ತಕಗಳು, ಇಂಗ್ಲಿಷಿನಲ್ಲಿ ಅಚ್ಚಾದವು, ಅವಳ ಬಳಿ ಇದ್ದವು. ಮಾಂಗಾ ಅನ್ನುತ್ತಾರೆ ಎಂದಳು. ತಟ್ಟೆಯಷ್ಟು ಕಣ್ಣು, ಇಲ್ಲವೇ ಇಲ್ಲವೆನ್ನುವಷ್ಟು ಮೂಗು — ಓದಿದ ಹುಡುಗಿಗೆ ಇದೆಂಥ ಗೀಳು ಎಂದು ಹೀಯಾಳಿಸಿದ್ದೆ. ನಾನು ಪುಟವನ್ನು ಎಡದಿಂದ ತಿರುವಿದಾಗ ಅವಳು ನಕ್ಕಿದ್ದಳು.

"ಆ ಕಡೆಯಿಂದ ಅಲ್ಲ ರೈಟ್ರೇ, ಈ ಕಡೆಯಿಂದ. ಜಪಾನಿನೋರು ಹಂಗೇ ಓದೋದು ಮಾರಾಯ್ರೆ."

ಕಥೆಯೂ ನನಗೆ ಗೊತ್ತು. ಹದಿನಾರರ ಹುಡುಗಿಯೊಬ್ಬಳಿಗೆ ಅಜ್ಜಿಯಿಂದ ಮಾಟದ ಶಕ್ತಿ ಬಂದಿದೆ. ಅವಳಿಗೆ ಅದು ಬೇಡ. ಒದ್ದೆ ಬಟ್ಟೆ ಒಣಗಿಸಲಿಕ್ಕೂ ಬಳಸುವುದಿಲ್ಲ. ಊರವರೇ ಬಾಗಿಲಿಗೆ ಬಂದು, ಅವನನ್ನು ಹಾಳು ಮಾಡು, ಇವನನ್ನು ಹಾಳು ಮಾಡು ಎಂದು ಪೀಡಿಸುತ್ತಾರೆ. ಮೂರು ಪುಸ್ತಕ ಓದಿದ್ದೆ. ಹೀಯಾಳಿಸಿದವನೇ — ಕೇಳಿ ತಂದು ಓದಿದ್ದೆ.

ಚಂದ್ರಮ್ಮ ಬೀಳುವ ಹಿಂದಿನ ದಿನ, ಅವಳು ಏಣಿ ಒರಗಿಸಿದ್ದ ಅದೇ ಮರದ ಬುಡದಲ್ಲಿ ಶ್ವೇತಾ ಕೂತು ಓದುತ್ತಿದ್ದಳಂತೆ. ಮಾಟ ಮಾಡಿದ್ದಾಳೆ ಎನ್ನಲು ಅಷ್ಟು ಸಾಕಾಯಿತು. ಲೈನುಮನೆಗಳ ಆಳುಗಳು ಕೆಲಸಕ್ಕೆ ಇಳಿಯಲಿಲ್ಲ. ನಮ್ಮಲ್ಲಿ ಇಂಥದ್ದು ತೋಟ ಕಾಯುವ ಚೌಡಿಯ ಕಲ್ಲಿನ ಮುಂದೆ ತೀರ್ಮಾನವಾಗಬೇಕು. ಕಲ್ಲು ಮುಟ್ಟಿದವನು ಸುಳ್ಳು ಹೇಳುವಂತಿಲ್ಲ. ಎಸ್ಟೇಟಿನ ಸಾಹುಕಾರರೂ ಬಂದರು. ಚೌಡಿ ಎಂದರೆ ನನ್ನೆದುರು ನಗುತ್ತಿದ್ದ ಮನುಷ್ಯ, ಕೊಯ್ಲು ನಿಂತಿದ್ದಕ್ಕೆ ಚಪ್ಪಲಿ ಬಿಟ್ಟು ಕೈಮುಗಿದರು. ಅವರೇ ನನ್ನನ್ನು ಮುಂದೆ ಕರೆದು ಕೇಳಿದರು.

"ಕಲ್ಲು ಮುಟ್ಟಿ ಹೇಳಿ ರೈಟ್ರೇ. ಆ ಪುಸ್ತಕ ನೀವು ನೋಡಿದೀರಾ?"

"ನೋಡಿದೀನಿ. ಹಿಂದಿನಿಂದ ಓದ್ತಾಳೆ. ಒಳಗೆ ಮಾಟದ ಹುಡುಗಿ ಚಿತ್ರ ಇದೆ."

ಒಂದು ಪದವೂ ಸುಳ್ಳಲ್ಲ. ನನಗೆ ಚೌಡಿಯ ಭಯವಿತ್ತು, ಅದಕ್ಕೇ ನಿಜಗಳನ್ನು ಆರಿಸಿ ಆರಿಸಿ ಹೇಳಿದೆ. ಸುಳ್ಳು ಹೇಳುವವನಿಗಾದರೂ ಒಂದಿಷ್ಟು ಧೈರ್ಯ ಬೇಕು. ಶ್ವೇತಾ ನನ್ನ ಮುಖವನ್ನೇ ನೋಡುತ್ತಿದ್ದಳು — ಮುಂದಿನ ಮಾತಿಗಾಗಿ. ಜಪಾನಿನವರು ಹಾಗೇ ಓದುತ್ತಾರೆ, ಆ ಹುಡುಗಿ ಯಾರಿಗೂ ಕೇಡು ಮಾಡುವುದಿಲ್ಲ, ಏಣಿ ಮೊದಲೇ ಸೀಳಿತ್ತು… ನಾನು ಕಲ್ಲಿನಿಂದ ಕೈ ತೆಗೆದೆ.

ಪುಸ್ತಕಗಳನ್ನು ರಂಗಪ್ಪನೇ ಸುಟ್ಟ. ವಾರದೊಳಗೆ ಮನೆ ಖಾಲಿ ಮಾಡಿ ಕಳಸದ ಕಡೆ ಹೋದರು. ಶ್ವೇತಾಳ ಪರೀಕ್ಷೆಗೆ ಎರಡು ತಿಂಗಳಿತ್ತು. ಚಂದ್ರಮ್ಮ ಈಗಲೂ ಕುಂಟುತ್ತಾಳೆ, ಈಗಲೂ ಆ ಹುಡುಗಿಗೆ ಶಾಪ ಹಾಕುತ್ತಾಳೆ, ನನ್ನನ್ನು ಕಂಡರೆ ಸೆರಗು ಹೊದ್ದು ನಮಸ್ಕರಿಸುತ್ತಾಳೆ.

ಹೋದ ತಿಂಗಳು ಕಳಸದ ಬಸ್‌ಸ್ಟ್ಯಾಂಡಿನಲ್ಲಿ ರಂಗಪ್ಪ ಸಿಕ್ಕಿದ. ಎದ್ದು ನಿಂತು ಜಾಗ ಬಿಟ್ಟುಕೊಟ್ಟ. ಮಗಳು ಮತ್ತೆ ಕಾಲೇಜಿಗೆ ಹೋಗಲಿಲ್ಲ, ಅತ್ತಿಗುಂಡಿಯ ಒಂದು ರೆಸಾರ್ಟಿನಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಾಳೆ, ಚಿತ್ರ ಗಿತ್ರ ಎಲ್ಲ ಬಿಟ್ಟಿದ್ದಾಳೆ ಎಂದ. ಆಮೇಲೆ ದನಿ ತಗ್ಗಿಸಿ ಹೇಳಿದ:

"ನೀವು ಅವತ್ತು ಇದ್ದದ್ದು ಇದ್ದಂಗೆ ಹೇಳಿದ್ರಿ. ಒಂದು ಮಾತೂ ಹೆಚ್ಚಿಗೆ ಸೇರಿಸ್ಲಿಲ್ಲ. ಅದೇ ನಮ್ಮ ಪುಣ್ಯ ರೈಟ್ರೇ."

ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅವನು ಟೀ ತಂದುಕೊಟ್ಟ. ಕುಡಿದೆ. ಸಕ್ಕರೆ ಸಾಕಾ ಎಂದು ಕೇಳಿದ. ಸಾಕು ಎಂದೆ.