ಗುಮ್ಮಟ ಹತ್ತಿದ ಮೊನ್ನಾ ಲಾಪಾ

ಫ್ಲಾರೆನ್ಸಿನಲ್ಲಿ ಅಲಸಂದೆ ಸಾರು ಮಾರುವವರಿಗೇನೂ ಬರವಿರಲಿಲ್ಲ. ಸಾರಿನ ಜೊತೆ ಬೈಗುಳವನ್ನೂ ಬಿಸಿಬಿಸಿಯಾಗಿ ಬಡಿಸುತ್ತಿದ್ದವಳು ಮಾತ್ರ ಮೊನ್ನಾ ಲಾಪಾ ಒಬ್ಬಳೇ. ಪಕ್ಕದಲ್ಲೇ ಮೇಣದಬತ್ತಿ ಅಂಗಡಿ ಇಟ್ಟಿದ್ದರಿಂದ ನನ್ನ ಪಾಲಿಗೂ ದಿನಾ ಒಂದಿಷ್ಟು ಬರುತ್ತಿತ್ತು. ಮಿಕ್ಕಿದ್ದೆಲ್ಲ ಎದುರಿಗೆ ಏಳುತ್ತಿದ್ದ ದೊಡ್ಡ ಚರ್ಚಿನ ಗುಮ್ಮಟಕ್ಕೆ.

“ಕೆಳಗೆ ಒಂದು ಮರದ ಆಸರೆ ಇಲ್ಲ, ಮಣ್ಣಿಲ್ಲ. ಗಾಳೀಲಿ ಇಟ್ಟಿಗೆ ಜೋಡಿಸ್ತಾರಂತೆ, ಇವರ ತಲೆ ಕೆಟ್ಟಿದೆ!”

ಬೈಯಲು ಕಾರಣವಿತ್ತು. ಗಾರೆ ಕೆಲಸದ ಅವಳ ಗಂಡ ಕಮಾನೊಂದು ಕುಸಿದು ಸತ್ತಿದ್ದ. ಒಬ್ಬನೇ ಮಗ ಸಾಲ್ವಿ ಅಪ್ಪನ ಕರಣೆಯನ್ನೇ ಹಿಡಿದು ಗುಮ್ಮಟ ಹತ್ತಿದ. ಗೋಡೆ ನೆಟ್ಟಗಿದ್ದಷ್ಟು ಕಾಲ ಲಾಪಾ ಹೇಗೋ ಸಹಿಸಿಕೊಂಡಳು. ಅದು ಒಳಕ್ಕೆ ಬಾಗತೊಡಗಿದ ಮೇಲೆ ಅವಳಿಗೆ ಊಟ ಸೇರಲಿಲ್ಲ. ಚರ್ಮ ಹದಮಾಡುವ ತನ್ನ ಅಣ್ಣನ ಹತ್ತಿರ ಮಗನಿಗೊಂದು ಕೆಲಸ ಗೊತ್ತುಮಾಡಿದಳು. ಮಗ ಒಪ್ಪಲಿಲ್ಲ. ಒಂದು ಬೆಳಗ್ಗೆ ಸೌಟನ್ನು ನನ್ನ ಕೈಗೆ ತುರುಕಿ, “ನೋಡ್ಕೊಳ್ಳಣ್ಣ, ಅವನ ಕಿವಿ ಹಿಡಿದು ಇಳಿಸ್ಕೊಂಡು ಬರ್ತೀನಿ” ಎಂದು ಹೊರಟೇಬಿಟ್ಟಳು. ಮೆಟ್ಟಿಲ ಕಾವಲುಗಾರನಿಗೆ ಅವಳ ಬಾಯಿಯ ಪರಿಚಯವಿತ್ತು. ಸುಮ್ಮನೆ ಪಕ್ಕಕ್ಕೆ ಸರಿದ.

ಮುಂದಿನದನ್ನು ಸಾಲ್ವಿ ನಮಗೆ ಎಷ್ಟು ಸಲ ಆಡಿ ತೋರಿಸಿದ್ದಾನೋ!

ಲಾಪಾ ಏದುಸಿರು ಬಿಡುತ್ತಾ ಮೇಲೆ ಬಂದು, “ನಡಿಯೋ ಕೆಳಗೆ!” ಎಂದಳು. ಮೇಸ್ತ್ರಿ ಬೆತ್ತೋ ಅಡ್ಡ ಬಂದ.

“ಹತ್ತಿಳಿಯೋದ್ರಲ್ಲೇ ಹೊತ್ತು ಹೋಗುತ್ತೆ ಅಂತ ಇಲ್ಲೊಂದು ಕಟ್ಟುಪಾಡಿದೆ ಮೊನ್ನಾ ಲಾಪಾ. ಮೇಲೆ ಬಂದೋರು ಸಂಜೆ ಗಂಟೆ ಹೊಡೆಯೋವರೆಗೂ ಇಳಿಯೋ ಹಾಗಿಲ್ಲ.”

“ಅಯ್ಯೋ, ನನ್ನ ಸಾರು ತಳ ಹಿಡಿಯುತ್ತೆ ಕಣಯ್ಯಾ!”

“ಅದೇನು ಹೊಸದಾ?” ಎಂದು ಯಾರೋ ಒಬ್ಬ ಹಿಂದಿನಿಂದ ಕೂಗಿದ. ಕೆಲಸದವರೆಲ್ಲ ಗೊಳ್ಳೆಂದು ನಕ್ಕರು.

ಬೇರೆ ದಾರಿಯಿಲ್ಲದೆ ಗೋಡೆಗೊರಗಿ, ಕಣ್ಣು ಮುಚ್ಚಿ ಮಾತೆ ಮರಿಯಳನ್ನು ಕರೆಯುತ್ತಾ ಕೂತಳು. ಮಧ್ಯಾಹ್ನ ಮಗ ಕೊಟ್ಟ ವೈನನ್ನು ಒಂದು ಗುಟುಕು ಕುಡಿದಾಗ ಕಣ್ಣು ತಾನಾಗಿ ತೆರೆಯಿತು.

“ಇದೇನೋ, ಬಟ್ಟೆ ಒಗೆದ ನೀರು?”

“ನೀರು ಬೆರೆಸೇ ಕೊಡ್ತಾರಮ್ಮ. ಇಷ್ಟು ಎತ್ತರದಲ್ಲಿ ಯಾರಿಗೂ ತಲೆ ತಿರುಗಬಾರದು ಅಂತ.”

ಹಾಗಾದರೆ ಇಲ್ಲಿ ಯಾರೋ ಯೋಚನೆ ಮಾಡುವವರಿದ್ದಾರೆ ಎಂದು ಅವಳಿಗೆ ಆಗ ಅನಿಸಿತು. “ಆಸರೆ ಇಲ್ದೆ ಇದು ಹೆಂಗೋ ನಿಲ್ಲುತ್ತೆ?” ಎಂದು ಕೇಳಿದಳು.

ಸಾಲ್ವಿ ತೋರಿಸಿದ. ಮಲಗಿಸಿದ ಇಟ್ಟಿಗೆಗಳ ನಡುವೆ ಅಲ್ಲಲ್ಲಿ ಒಂದೊಂದು ಇಟ್ಟಿಗೆಯನ್ನು ನಿಲ್ಲಿಸಿದ್ದರು. ಗುಮ್ಮಟದ ಉದ್ದಕ್ಕೂ ಇಟ್ಟಿಗೆಯ ಒಂದು ಸುತ್ತು ಮುಗಿಯುವವರೆಗೆ ಪಕ್ಕದವನ್ನು ಜಾರದಂತೆ ಹಿಡಿದಿಡುವುದು ಅವುಗಳ ಕೆಲಸ. “ಸುತ್ತು ಕೂಡಿಕೊಂಡ್ಮೇಲೆ ಭಯ ಇಲ್ಲಮ್ಮ. ಎಲ್ಲಾ ಒಟ್ಟಿಗೇ ಒಳಗೆ ಬೀಳೋಕೆ ಹೋದ್ರೆ ಒಂದಕ್ಕೂ ಜಾಗ ಸಿಗಲ್ಲ. ಸಂತೆ ಬಾಗಿಲಲ್ಲಿ ಒಟ್ಟಿಗೆ ನುಗ್ಗಿ ಸಿಕ್ಕಾಕೊಂಡೋರ ಥರ.”

ಮಧ್ಯಾಹ್ನವೆಲ್ಲ ಅವಳು ಮಗನ ಕೈಯನ್ನೇ ನೋಡುತ್ತಾ ಕೂತಳು. ಸಂಜೆಗೆ ಸುತ್ತು ಕೂಡಿಕೊಳ್ಳಲು ಒಂದೇ ಇಟ್ಟಿಗೆ ಉಳಿಯಿತು. ಸಾಲ್ವಿ ಅದಕ್ಕೆ ಗಾರೆ ಮೆತ್ತಿ ಅವಳ ಕೈಗಿಟ್ಟ.

“ನೀನೇ ಇಡಮ್ಮ.”

ಅವಳು ಇಟ್ಟಳು. ಅವನು ಕರಣೆಯ ಹಿಡಿಯಿಂದ ಮೆಲ್ಲಗೆ ಬಡಿದು ಕೂರಿಸಿದ. ಅವಳು ಎರಡೂ ಕೈಯಿಂದ ನೂಕಿದಳು. ಆಮೇಲೆ ಹೆಗಲು ಕೊಟ್ಟು ನೂಕಿದಳು. ಇಟ್ಟಿಗೆ ಅಲ್ಲಾಡಲಿಲ್ಲ. ಅಲ್ಲೇ ಕೂತು ಜೋರಾಗಿ ಅತ್ತುಬಿಟ್ಟಳು.

“ನಿಮ್ಮಪ್ಪನ ಕಮಾನಿಗೂ ಹಿಂಗೆ ಯೋಚ್ನೆ ಮಾಡೋರು ಒಬ್ರಾದ್ರೂ ಇದ್ದಿದ್ರೆ, ಮಗಾ...”

ಸಾಲ್ವಿ ಅವಳ ಕೈಗೆ ಹತ್ತಿದ್ದ ಗಾರೆ ಒರೆಸಿದ.

ಗಂಟೆ ಹೊಡೆಯಿತು. ಕೆಳಗೆ ನಾವೆಲ್ಲ ಕಾಯುತ್ತಿದ್ದೆವು. ಸಾರು ನಿಜಕ್ಕೂ ಸೀದುಹೋಗಿತ್ತು, ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಮಗನ ಜೊತೆ ಇಳಿದು ಬಂದವಳು ಪಾತ್ರೆಯ ಕಡೆ ತಿರುಗಿಯೂ ನೋಡಲಿಲ್ಲ. ಸೋದರಳಿಯನನ್ನು ಕರೆದೊಯ್ಯಲು ಬಂದಿದ್ದ ಅವಳ ಅಣ್ಣ ಮುಂದೆ ಬಂದ.

“ಅಂತೂ ಇಳಿಸ್ಕೊಂಡು ಬಂದ್ಯಲ್ಲ ಲಾಪಾ! ನಾಳೆಯಿಂದಲೇ ಕಳಿಸು.”

“ನಾಳೆ ಅವನಿಗೆ ಮೇಲೆ ಕೆಲ್ಸ ಇದೆ” ಎಂದಳು ಲಾಪಾ. ಸೊಂಟದ ಮೇಲೆ ಕೈಯಿಟ್ಟು ನಮ್ಮ ಕಡೆ ತಿರುಗಿದಳು. “ಇನ್ಮೇಲೆ ಅದು ಬೀಳುತ್ತೆ ಗೀಳುತ್ತೆ ಅನ್ನೋರು ಮೊದ್ಲು ನನ್ ಹತ್ರ ಬನ್ನಿ. ಅದ್ರಲ್ಲಿ ನಂದೂ ಒಂದು ಇಟ್ಟಿಗೆ ಇದೆ!”