ಸೀಟಿಲ್ಲದ ಕಾರಿನಲ್ಲಿ ಎಳ್ಳಮವಾಸ್ಯೆ

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ರಾಮತೀರ್ಥ ನಗರದ ಮನೆ ಮುಂದೆ ಭಾರಿ ಜಗಳ. ಚಳಿಗಾಲದಲ್ಲೇ ರಿಪೇರಿ ಮುಗಿಸೋಣವೆಂದು ನಾನೂ ಗೆಳೆಯ ಇಮ್ತಿಯಾಜನೂ ಹಳೆ ಅಂಬಾಸಿಡರಿನ ಹಿಂದಿನ ಸೀಟು ಬಿಚ್ಚಿ ಹೊಲಿಯಲು ಕೊಟ್ಟು, ಕೆಳಗಿನ ತುಕ್ಕು ಕೆರೆದು ಬಣ್ಣ ಹೊಡೆದಿದ್ದೆವು. ಇವತ್ತು ಎಳ್ಳಮವಾಸ್ಯೆ, ಪಾರಿಶ್ವಾಡದ ನಮ್ಮ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಬೇಕು ಎಂಬುದೇ ಮರೆತಿತ್ತು.

ಅವ್ವ ಬುತ್ತಿಬುಟ್ಟಿ ಹೊತ್ತು ಬಂದು ಕಾರಿನ ಬಾಗಿಲು ತೆಗೆದಳು. "ಎಲ್ಲಿ ಕುಂದರಬೇಕೋ, ನಿನ್ನ ತಲಿ ಮ್ಯಾಲೆ?"

"ಸಿಟ್ಟಾಗಬ್ಯಾಡ್ರಿ ಅವ್ವಾರ," ಎಂದ ಇಮ್ತಿಯಾಜ್, ತನ್ನ ಮನೆಯಿಂದ ಗಾದಿ ತಂದು ಹಾಸಿದ. ಅವ್ವ ಬೈಯುತ್ತಲೇ ಅದರ ಮೇಲೆ ಕೌದಿ ಹಾಸಿದಳು.

ನಮ್ಮ ಅಜ್ಜಿಗೆ ಕಾರೆಂದರೆ ಆಗದು. ಕಾಲು ಜೋಲುಬಿಟ್ಟು ಕೂತರೆ ಮೊಣಕಾಲು ಹಿಡಿಯುತ್ತವೆ. ಎತ್ತಿನ ಗಾಡಿ ಮಾರಿದ ಮೇಲೆ ಅವಳು ಹೊಲ ನೋಡಿರಲಿಲ್ಲ. ಇವತ್ತು ಇಣುಕಿದವಳೇ ಹತ್ತಿ ಕಾಲು ಚಾಚಿ ಕೂತಳು. "ಇದು ಖರೇ ಗಾಡಿ! ಹೊಡಿಯಪಾ, ಹೊತ್ತಾತು."

ಹೊಲದ ಸುತ್ತ ನನ್ನ ಹೆಗಲು ಹಿಡಿದು ನಡೆದು, ತಾನೇ ಕೂಗುತ್ತ ಚರಗ ಚೆಲ್ಲಿದಳು. ಇಮ್ತಿಯಾಜನಿಗೆ ಎರಡು ಕಡಬು ಹೆಚ್ಚಿಗೆ ಹಾಕಿಸಿದಳು.

ಸಂಜೆ ಕೆಂಪು ರೆಕ್ಸಿನ್ ಹಾಕಿದ ಸೀಟು ಬಂತು. ಅಜ್ಜಿ ಕಾರಿಗೆ ಅಡ್ಡ ನಿಂತಳು. "ಅದನ್ನ ಒಳಗ ಹಾಕಿದ್ರ ನೋಡು! ನಾಳೆ ನಾ ಇದರಾಗ ಮಗಳ ಮನೀಗೆ ಹೋಗಾಕಿ."

ಸೀಟು ಈಗ ಪಡಸಾಲೆಯಲ್ಲಿದೆ. ಮನೆಗೆ ಬಂದವರು ಅದರ ಮೇಲೆ ಆರಾಮಾಗಿ ಕೂರಬಹುದು. ಕಾರು ಹತ್ತುವವರು ಮಾತ್ರ ದಯವಿಟ್ಟು ಚಪ್ಪಲಿ ಹೊರಗೆ ಬಿಡಬೇಕು.